ಗುಡ್ಡ ತಾನಾಗಿಯೇ ಕುಸಿಯಿತೇ?

‘ಮಳೆಗೆ ಗುಡ್ಡ ಕುಸಿದು ಮನೆ ನೆಲಸಮ.’ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಸುದ್ದಿ ಓದುವವರಿಗೆ ಈ ವಾಕ್ಯ ಎಷ್ಟು ಪರಿಚಿತವೆಂದರೆ, ಊರಿನ ಹೆಸರು ಮತ್ತು ತಾರೀಕು ಬದಲಾಯಿಸಿದರೆ ಸಾಕು, ಪ್ರತಿ ವರ್ಷಕ್ಕೂ ಹೊಂದುತ್ತದೆ. ವಾಕ್ಯದಲ್ಲಿ ಮಳೆ ಇದೆ, ಗುಡ್ಡ ಇದೆ, ಮನೆ ಇದೆ. ಮನುಷ್ಯ ಇಲ್ಲ. ಇದ್ದರೂ ಅವನು ಮಣ್ಣಿನಡಿ ಸಿಕ್ಕವನು ಮಾತ್ರ. ವಾಕ್ಯ ಸುಳ್ಳಲ್ಲ: ಮಳೆ ಬಂದದ್ದು ನಿಜ, ಗುಡ್ಡ ಕುಸಿದದ್ದು ನಿಜ, ಒಂದರ ಹಿಂದೆ ಇನ್ನೊಂದು ಆದದ್ದೂ ನಿಜ. ಆದರೆ ನಿಜವಾದ ವಾಕ್ಯವೆಲ್ಲ ಪ್ರಾಮಾಣಿಕವಾಗಿರಲೇಬೇಕೆಂದಿಲ್ಲ. ಒಂದು ಘಟನೆಗೆ ಹತ್ತು ಕಾರಣಗಳಿದ್ದಾಗ ಅವುಗಳಲ್ಲಿ ಒಂದನ್ನು ಎತ್ತಿ ವಾಕ್ಯದೊಳಗೆ ಕೂರಿಸುತ್ತೇವೆ, ಉಳಿದ ಒಂಬತ್ತನ್ನು ಹೊರಗೆ ನಿಲ್ಲಿಸುತ್ತೇವೆ. ಈ ಆಯ್ಕೆ ವ್ಯಾಕರಣದ್ದೋ, ನೀತಿಯದ್ದೋ? ನನ್ನನ್ನು ಕೆಲ ಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು.

ಪದವಿ ತರಗತಿಯ ಇಂಗ್ಲಿಷ್ ಪಾಠಗಳಲ್ಲಿ ‘ಕಾಸ್ ಆ್ಯಂಡ್ ಎಫೆಕ್ಟ್’ ಎಂಬುದೊಂದು ಘಟಕ ಇದ್ದೇ ಇರುತ್ತದೆ. ಬಿಕಾಸ್, ಸಿನ್ಸ್, ಆ್ಯಸ್ ಒಂದು ಗುಂಪು. ಡ್ಯೂ ಟು, ಓಯಿಂಗ್ ಟು ಇನ್ನೊಂದು. ಸೋ, ದೇರ್‌ಫೋರ್, ಕಾನ್ಸಿಕ್ವೆಂಟ್ಲಿ ಮತ್ತೊಂದು. ಲೀಡ್ ಟು, ರಿಸಲ್ಟ್ ಇನ್, ಬ್ರಿಂಗ್ ಅಬೌಟ್ ಎಂಬ ಕ್ರಿಯಾಪದಗಳು ಕೊನೆಗೆ. ‘ರಿಸಲ್ಟ್ ಇನ್’ ಎಂದರೆ ಕಾರಣದಿಂದ ಪರಿಣಾಮದ ಕಡೆಗೆ, ‘ರಿಸಲ್ಟ್ ಫ್ರಂ’ ಎಂದರೆ ಪರಿಣಾಮದಿಂದ ಕಾರಣದ ಕಡೆಗೆ ಎಂಬುದನ್ನು ಕಲಿತರೆ ಪರೀಕ್ಷೆಗೆ ಸಾಕು. ಕುಮಟಾ, ಹೊನ್ನಾವರದ ಮಕ್ಕಳಿಗೆ ಈ ಪದಗಳು ಕಷ್ಟವಲ್ಲ. ಮನೆಯಲ್ಲಿ ಹವ್ಯಕ ಕನ್ನಡವನ್ನೋ, ಕೊಂಕಣಿಯನ್ನೋ, ನವಾಯತಿಯನ್ನೋ, ಹಾಲಕ್ಕಿ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಇನ್ನೊಂದು ಕನ್ನಡ ಓದಿ ಬಂದವರಿಗೆ ಹೊಸ ಪದ ಹೊಸ ಹೊರೆಯಲ್ಲ. ಕಷ್ಟ ಬರುವುದು ಬೇರೆ ಕಡೆ. ‘ಮಳೆ ಬಂದು ಗುಡ್ಡ ಕುಸಿದು ದಾರಿ ಬಂದಾಯ್ತು’ ಎಂಬುದನ್ನು ಇಂಗ್ಲಿಷಿಗೆ ತನ್ನಿ ಎಂದರೆ ಅವರು ಥಟ್ಟನೆ ನಿಲ್ಲುತ್ತಾರೆ. ಬಂದು ಎಂಬಲ್ಲಿ ಆ್ಯಂಡ್ ಹಾಕುವುದೋ, ಆಫ್ಟರ್ ಹಾಕುವುದೋ, ಬಿಕಾಸ್ ಹಾಕುವುದೋ?

ನಿಲ್ಲುವುದು ಸರಿಯೇ. ಕನ್ನಡದ ‘ಬಂದು’, ‘ಕುಸಿದು’ ಎಂಬ ಕೃದಂತಗಳು ಮೊದಲು ಯಾವುದು ಆಯಿತು, ಆಮೇಲೆ ಯಾವುದು ಆಯಿತು ಎಂದಷ್ಟೇ ಹೇಳುತ್ತವೆ. ಕಾರಣ ಎಂಬ ಅರ್ಥ ಅಲ್ಲಿ ಉಕ್ತವಲ್ಲ, ಸೂಚಿತ. ‘ಕೈ ತೊಳೆದು ಊಟ ಮಾಡಿದ’ ಎಂದಾಗ ಬರೀ ಅನುಕ್ರಮ. ‘ಕಾಲು ಜಾರಿ ಬಿದ್ದ’ ಎಂದಾಗ ಕಾರಣ. ರೂಪ ಎರಡರಲ್ಲೂ ಒಂದೇ. ಇಂಗ್ಲಿಷ್ ಇಂಥಲ್ಲಿ ಸಾಮಾನ್ಯವಾಗಿ ಒಂದು ನಿಲುವು ಕೇಳುತ್ತದೆ. ಕನ್ನಡ ಕೇಳುವುದಿಲ್ಲ, ಕೇಳುಗನಿಗೆ ಬಿಡುತ್ತದೆ. ಇದು ಕೊರತೆಯಲ್ಲ. ಹತ್ತು ಘಟನೆಗಳನ್ನು ಒಂದೇ ಉಸಿರಿನಲ್ಲಿ ಪೋಣಿಸುವ ನಮ್ಮ ಕಥನದ ಸೊಗಸು ಹುಟ್ಟುವುದೇ ಇಲ್ಲಿ.

ಆದರೆ ಈ ಸರಾಗದೊಳಗೆ ಒಂದು ಪಕ್ಷಪಾತ ಅಡಗಿದೆ. ‘ಮಳೆ ಬಂದು ಗುಡ್ಡ ಕುಸಿಯಿತು’ ಎನ್ನುವುದು ನಾಲಗೆಗೆ ಹಗುರ. ‘ಅವರು ಗುಡ್ಡ ಕಡಿದು ಮನೆ ಬಿತ್ತು’ ಎಂದು ಹೇಳಿ ನೋಡಿ. ಏನೋ ತೊಡರುತ್ತದೆ. ಇಂಥ ಕೃದಂತದ ವಾಕ್ಯದಲ್ಲಿ ಎರಡೂ ಕ್ರಿಯೆಗಳಿಗೆ ಕರ್ತೃ ಒಬ್ಬನೇ ಆಗಿರಬೇಕೆಂಬುದು ಕನ್ನಡದ ಸಾಮಾನ್ಯ ನಿರೀಕ್ಷೆ. ಮಳೆ, ಗಾಳಿ, ಬಿಸಿಲು, ಜ್ವರದಂಥವಕ್ಕೆ ಮಾತ್ರ ರಿಯಾಯಿತಿ ಇದೆ: ಮಳೆ ಬಂದು ಕೆರೆ ತುಂಬಬಹುದು, ಗಾಳಿ ಬೀಸಿ ಮರ ಬೀಳಬಹುದು. ಇಚ್ಛೆಯುಳ್ಳ ಮನುಷ್ಯ ಕರ್ತೃವಾದರೆ ಭಾಷೆ ತಡೆದು ನಿಲ್ಲಿಸುತ್ತದೆ: ‘ಅವರು ಗುಡ್ಡ ಕಡಿದದ್ದರಿಂದ ಮನೆ ಬಿತ್ತು’ ಎಂದು ‘ಇಂದ’ ಹಚ್ಚಿ ಹೇಳಬೇಕು. ಎಂದರೆ, ಪ್ರಕೃತಿಯನ್ನು ಕಾರಣವಾಗಿ ಹೇಳಲು ಏನೂ ಖರ್ಚಿಲ್ಲ. ಮನುಷ್ಯನನ್ನು ಕಾರಣವಾಗಿ ಹೇಳಲು ಪ್ರತ್ಯಯ ಸಮೇತ ಆರೋಪ ಹೊರಿಸಬೇಕು. ಅವಸರದಲ್ಲಿ ಬರೆಯುವವನು, ಹೆದರುತ್ತ ಬರೆಯುವವನು ಎಲ್ಲರೂ ಖರ್ಚಿಲ್ಲದ ದಾರಿಯನ್ನೇ ಹಿಡಿಯುತ್ತಾರೆ.

ಭಾಷೆಗೆ ಬೇರೆ ಶಕ್ತಿ ಇಲ್ಲವೆಂದಲ್ಲ. ‘ಇಸು’ ಎಂಬ ಒಂದು ಪ್ರತ್ಯಯ ಹಚ್ಚಿದರೆ ಬೀಳು ಎಂಬುದು ಬೀಳಿಸು ಆಗುತ್ತದೆ, ಉರುಳು ಎಂಬುದು ಉರುಳಿಸು ಆಗುತ್ತದೆ. ರಾಜಕೀಯದಲ್ಲಿ ನಾವಿದನ್ನು ಮರೆಯುವುದೇ ಇಲ್ಲ. ‘ಸರ್ಕಾರ ಬಿತ್ತು’ ಎಂದು ಕೇಳಿದೊಡನೆ ‘ಬೀಳಿಸಿದ್ದು ಯಾರು?’ ಎಂದು ಕೇಳುತ್ತೇವೆ. ಗುಡ್ಡ ಬಿದ್ದಾಗ ಮಾತ್ರ ‘ಇಸು’ ನೆನಪಾಗುವುದಿಲ್ಲ. ‘ಗುಡ್ಡ ಕುಸಿತ’ ಎಂಬುದು ಇಲಾಖೆಯ ಕಡತದಲ್ಲೂ ಪತ್ರಿಕೆಯ ತಲೆಬರಹದಲ್ಲೂ ನೆಲೆ ಕಂಡ ನಾಮಪದ. ‘ಗುಡ್ಡ ಕಡಿತ’ಕ್ಕೆ ಆ ಭಾಗ್ಯ ಇಲ್ಲ.

ಇಂಗ್ಲಿಷ್ ಇದಕ್ಕಿಂತ ಪ್ರಾಮಾಣಿಕ ಭಾಷೆ ಎಂದು ಯಾರೂ ಭ್ರಮಿಸಬೇಕಿಲ್ಲ. ‘ಡ್ಯೂ ಟು ಹೆವಿ ರೇನ್‌ಫಾಲ್, ಎ ಲ್ಯಾಂಡ್‌ಸ್ಲೈಡ್ ಅಕರ್ಡ್’ ಎಂಬ ವರದಿ ವಾಕ್ಯದಲ್ಲೂ ಮನುಷ್ಯ ಇಲ್ಲ. ‘ಸಿನ್ಸ್’ ಎಂಬ ಪದವೇ ಕಾಲದಿಂದ ಕಾರಣಕ್ಕೆ ಜಾರಿ ಬಂದದ್ದು; ನಮ್ಮ ‘ಮೇಲೆ’ ಕೂಡ ಹಾಗೆಯೇ, ‘ಅವನೇ ಹೇಳಿದ ಮೇಲೆ ಇನ್ನೇನು?’ ಎನ್ನುವಾಗ ಅದು ಗಡಿಯಾರದ ಮಾತಲ್ಲ. ಇಂಗ್ಲಿಷಿನ ‘ಕಾಸ್’ ಕ್ರಿಯಾಪದದ ಬಗ್ಗೆ ಭಾಷಾವಿಜ್ಞಾನಿ ಮೈಕೆಲ್ ಸ್ಟಬ್ಸ್ 1995ರಲ್ಲಿ ಬರೆದದ್ದು ಕುತೂಹಲಕಾರಿ. ಭಾರಿ ಪ್ರಮಾಣದ ಪಠ್ಯಗಳನ್ನು ತಡಕಿದಾಗ ಆ ಪದದ ಅಕ್ಕಪಕ್ಕ ಸಿಗುವುದು ಬಹುಪಾಲು ಕೆಟ್ಟದ್ದೇ: ಹಾನಿ, ಸಾವು, ನೋವು, ತೊಂದರೆ. ಕನ್ನಡದ ‘ಕಾರಣ’ಕ್ಕೆ ಈ ಕಳಂಕ ಅಷ್ಟಾಗಿ ಇಲ್ಲ, ‘ನನ್ನ ಓದಿಗೆ ಅಮ್ಮನೇ ಕಾರಣ’ ಎಂದು ಕೃತಜ್ಞತೆಯಿಂದ ಹೇಳುತ್ತೇವೆ. ನಮ್ಮ ಕಾರಣದಲ್ಲಿ ಕೃತಜ್ಞತೆಗೂ ದೂರಿಗೂ ಜಾಗವಿದೆ. ಹೊಸ ರಸ್ತೆಯಾದಾಗ ‘ಇದಕ್ಕೆ ನಾನೇ ಕಾರಣ’ ಎನ್ನುವ ಫಲಕಗಳು ಏಳುತ್ತವೆ. ಅದೇ ರಸ್ತೆಯ ಬದಿಯ ಗುಡ್ಡ ಕುಸಿದಾಗ ಕಾರಣ ಮತ್ತೆ ಮಳೆಯೇ.

ಈಗ ಘಟನೆಗಳಿಗೆ ಬರೋಣ. 2017ರ ಮಳೆಗಾಲದಲ್ಲಿ ಕುಮಟಾ ತಾಲೂಕಿನ ತಂಡ್ರಕುಳಿಯಲ್ಲಿ ಗುಡ್ಡ ಕುಸಿದು ಮಕ್ಕಳು ಸತ್ತರು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಸತ್ತರು. 2024ರ ಜುಲೈ 16ರಂದು ಕುಮಟೆಯ ಉತ್ತರಕ್ಕೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ, ದಾರಿ ದಾಟಿ, ಗಂಗಾವಳಿ ನದಿಗೇ ಇಳಿಯಿತು. ರಸ್ತೆ ಬದಿಯ ಚಹಾದಂಗಡಿ ಹೋಯಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ನದಿಯಲ್ಲಿ ಮುಳುಗಿದ್ದ ಒಂದು ಲಾರಿಯನ್ನೂ ಅದರ ಚಾಲಕನ ದೇಹವನ್ನೂ ಮೇಲಕ್ಕೆತ್ತಿದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತೊಂದು ದಿನಗಳ ನಂತರ.

ಇವಕ್ಕೆಲ್ಲ ಮಳೆಯೇ ಕಾರಣವೇ? ಎಚ್.ಎಲ್.ಎ. ಹಾರ್ಟ್ ಮತ್ತು ಟೋನಿ ಒನೊರೆ ಎಂಬ ಇಬ್ಬರು ನ್ಯಾಯಶಾಸ್ತ್ರಜ್ಞರು 1959ರಲ್ಲಿ ಕಾನೂನಿನಲ್ಲಿ ಕಾರಣದ ಪರಿಕಲ್ಪನೆ ಕುರಿತು ಒಂದು ದೊಡ್ಡ ಪುಸ್ತಕ ಬರೆದರು. ಕಾರಣ ಬೇರೆ, ಬರೀ ಸನ್ನಿವೇಶ ಬೇರೆ ಎಂಬುದು ಅವರ ವಾದದ ಒಂದು ಎಳೆ. ಮನೆಗೆ ಬೆಂಕಿ ಬಿದ್ದಾಗ ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದರೆ ಬೆಂಕಿ ಹೊತ್ತುತ್ತಿರಲಿಲ್ಲ. ಆದರೂ ಬೆಂಕಿಗೆ ಆಮ್ಲಜನಕ ಕಾರಣ ಎಂದು ಯಾವ ತನಿಖಾಧಿಕಾರಿಯೂ ಬರೆಯುವುದಿಲ್ಲ. ಏಕೆಂದರೆ ಅದು ಯಾವಾಗಲೂ ಇರುವಂಥದ್ದು. ಸಾಮಾನ್ಯ ಸ್ಥಿತಿಯಿಂದ ಬೇರೆಯಾಗಿ ಏನಾಯಿತೋ ಅದನ್ನು ಕಾರಣ ಎನ್ನುತ್ತೇವೆ: ಉರಿಯುವ ಸಿಗರೇಟು, ಸವೆದ ತಂತಿ.

ಈ ಅಳತೆಗೋಲನ್ನು ಕರಾವಳಿಗೆ ಹಿಡಿಯಿರಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿನಲ್ಲಿ ಜುಲೈ ಮಳೆ ಎಂದರೆ ಗಾಳಿಯಲ್ಲಿನ ಆಮ್ಲಜನಕ. ಅದು ಬರಲಿಲ್ಲವೆಂದರೆ ಅದೇ ಸುದ್ದಿ. ಬದಲಾದದ್ದು ಏನೆಂದು ಕೇಳಿದರೆ ಗುಡ್ಡದ ಬುಡ ನೋಡಬೇಕು. ನಮ್ಮ ಕರಾವಳಿಯ ಗುಡ್ಡಗಳ ಮೇಲೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಅದರಡಿ ಜೇಡಿಯಂಥ ಮೆದು ಮಣ್ಣು, ಅದರಡಿ ಬಂಡೆ. ನೀರು ಇಳಿದಂತೆ ನಡುವಿನ ಮಣ್ಣು ಭಾರವಾಗುತ್ತದೆ. ಕಣಗಳ ನಡುವಿನ ನೀರಿನ ಒತ್ತಡ ಹೆಚ್ಚಿ ಹಿಡಿತ ಸಡಿಲವಾಗುತ್ತದೆ. ಇಳಿಜಾರು ತನ್ನ ಪಾಡಿಗಿದ್ದರೆ ಬುಡದ ಮಣ್ಣು ಮೇಲಿನದಕ್ಕೆ ಆನಿಕೆಯಾಗಿರುತ್ತದೆ. ಆ ಬುಡವನ್ನೇ ನೆಟ್ಟಗೆ ಗೋಡೆಯಂತೆ ಕತ್ತರಿಸಿದರೆ ಆನಿಕೆ ಹೋಯಿತು. ಮಳೆ ಮೊದಲೂ ಬರುತ್ತಿತ್ತು, ಬುಡವೂ ಇತ್ತು. ಈಗ ಮಳೆ ಇದೆ, ಬುಡ ಇಲ್ಲ.

ಇಲ್ಲಿ ಎಚ್ಚರವೂ ಬೇಕು. ಮುಟ್ಟಳ್ಳಿಯ ಆ ರಾತ್ರಿಯ ಮಳೆ ರೂಢಿಯ ಮಳೆಯಾಗಿರಲಿಲ್ಲ. ಭಟ್ಕಳ ಪಟ್ಟಣವೇ ನೀರಿನಲ್ಲಿ ನಿಂತಿತ್ತು. ಎಲ್ಲ ಕುಸಿತಕ್ಕೂ ಮಳೆಯೇ ಕಾರಣ ಎನ್ನುವುದು ಎಷ್ಟು ಸೋಮಾರಿ ಮಾತೋ, ಎಲ್ಲ ಕುಸಿತಕ್ಕೂ ಹೆದ್ದಾರಿಯೇ ಕಾರಣ ಎನ್ನುವುದೂ ಅಷ್ಟೇ ಸೋಮಾರಿ ಮಾತು. ಕಾರಣ ಹುಡುಕುವುದೆಂದರೆ ಒಬ್ಬ ಕಳ್ಳನ ಬದಲು ಇನ್ನೊಬ್ಬ ಕಳ್ಳನನ್ನು ಹಿಡಿದು ತರುವುದಲ್ಲ. ಪ್ರತಿ ಗುಡ್ಡದ ಮುಂದೆ ಹೊಸದಾಗಿ ನಿಂತು ಕೇಳುವುದು.

ಕೇಳುತ್ತ ಹೋದರೆ ಸರಪಳಿಗೆ ಕೊನೆಯೇ ಇಲ್ಲ ಎಂಬ ಆಕ್ಷೇಪವಿದೆ. ಹೆದ್ದಾರಿ ಬೇಕೆಂದವರು ಯಾರು? ವೇಗವಾಗಿ ಮಂಗಳೂರು ಮುಟ್ಟಬೇಕೆಂದ ನಾವೇ ಅಲ್ಲವೇ? ಗುಡ್ಡ ಹುಟ್ಟಿದ್ದೇ ತಪ್ಪಲ್ಲವೇ? ನಮ್ಮ ನೈಯಾಯಿಕರಿಗೆ ಈ ಪ್ರಶ್ನೆ ಹೊಸದಲ್ಲ. ಕಾರಣವೆಂದರೆ ಕಾರ್ಯಕ್ಕಿಂತ ಮೊದಲು ತಪ್ಪದೆ ಇರಬೇಕಾದದ್ದು. ಅಷ್ಟೇ ಸಾಲದು, ಅದು ‘ಅನ್ಯಥಾಸಿದ್ಧ’ ಆಗಿರಬಾರದು ಎಂದರು ಅವರು. ಅವರ ಪ್ರಸಿದ್ಧ ಉದಾಹರಣೆ ಕುಂಬಾರನ ಮಡಕೆ. ಮಣ್ಣು ಕಾರಣ, ಕುಂಬಾರ ಕಾರಣ, ತಿಗರಿ ತಿರುಗಿಸುವ ಕೋಲೂ ಕಾರಣ. ಮಣ್ಣು ಹೊತ್ತು ತಂದ ಕತ್ತೆ? ಅದು ಮೊದಲು ಇದ್ದದ್ದು ನಿಜ, ಆದರೆ ಮಣ್ಣನ್ನು ಬೇರೆ ಹೇಗೆ ತಂದಿದ್ದರೂ ಮಡಕೆ ಆಗುತ್ತಿತ್ತು. ಕುಂಬಾರನ ಅಪ್ಪ? ಅವನಿಲ್ಲದೆ ಕುಂಬಾರನಿಲ್ಲ, ಆದರೂ ಮಡಕೆಗೆ ಅವನನ್ನು ಎಣಿಸುವುದಿಲ್ಲ. ಸರಪಳಿ ಉದ್ದವಿದೆ ಎಂಬುದು ಎಲ್ಲ ಕೊಂಡಿಗಳೂ ಸಮಾನ ಎಂಬುದಕ್ಕೆ ಸಾಕ್ಷಿಯಲ್ಲ. ರಸ್ತೆ ಬೇಕೆಂದ ಪ್ರಯಾಣಿಕ ಕುಂಬಾರನ ಅಪ್ಪನ ಸಾಲಿನವನು. ಇಳಿಜಾರು ಎಷ್ಟು ಡಿಗ್ರಿ ಇರಬೇಕೆಂದು ತೀರ್ಮಾನಿಸಿದವನು ಕೋಲು ಹಿಡಿದವನು. ರಸ್ತೆ ಬೇಕು ಎಂಬ ಆಸೆ ‘ಗುಡ್ಡವನ್ನು ಹೀಗೆಯೇ ಕಡಿಯಿರಿ’ ಎಂದು ಹೇಳುವುದಿಲ್ಲ.

ಇನ್ನೂ ಕಠಿಣ ಪ್ರಶ್ನೆ ಇನ್ನೊಂದು ಶಿರೂರಿನಲ್ಲಿದೆ. ಭಟ್ಕಳ ದಾಟಿದರೆ ಸಿಗುವ ಬೈಂದೂರು ತಾಲೂಕಿನ ಶಿರೂರಿನ ಟೋಲ್ ಬಳಿ 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬ್ಯುಲೆನ್ಸ್ ಮಳೆಯಲ್ಲಿ ಜಾರಿ ಪಲ್ಟಿಯಾಯಿತು, ನಾಲ್ವರು ಸತ್ತರು. ಒದ್ದೆ ರಸ್ತೆ, ವೇಗ, ಎದುರಿನ ಅಡೆತಡೆ ಎಲ್ಲವೂ ಚರ್ಚೆಯಾದವು. ಆದರೆ ಜಿಲ್ಲೆಯ ಜನ ಆ ವಾರ ಬೇರೊಂದು ಕಾರಣ ಹೇಳಿದರು: ಉತ್ತರ ಕನ್ನಡದಲ್ಲಿ ಒಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ, ಇದ್ದಿದ್ದರೆ ಆ ಗಾಡಿ ಆ ದಾರಿಯಲ್ಲಿ ಇರುತ್ತಲೇ ಇರಲಿಲ್ಲ. ಇಲ್ಲದ್ದು ಕಾರಣವಾಗಬಹುದೇ?

ತತ್ತ್ವಶಾಸ್ತ್ರದಲ್ಲಿ ಇದು ಹಳೆಯ ತಲೆನೋವು. ತೋಟಗಾರ ನೀರು ಹಾಕದೆ ಗಿಡ ಒಣಗಿತು ಎನ್ನುತ್ತೇವೆ. ಆದರೆ ಪಕ್ಕದ ಮನೆಯವನೂ ನೀರು ಹಾಕಲಿಲ್ಲ, ಮುಖ್ಯಮಂತ್ರಿಯೂ ಹಾಕಲಿಲ್ಲ. ತೋಟಗಾರನನ್ನು ಮಾತ್ರ ಕಾರಣ ಎನ್ನುವುದೇಕೆ? ಹಾಕಬೇಕಾದವನು ಅವನು ಎಂಬುದರಿಂದ. ಇಲ್ಲದಿರುವಿಕೆಯನ್ನು ಕಾರಣವಾಗಿ ಗುರುತಿಸುವಾಗ ನಾವು ಆಗಲೇ ಕರ್ತವ್ಯವೊಂದನ್ನು ಗುರುತಿಸಿರುತ್ತೇವೆ. ಈ ವಿಷಯದಲ್ಲಿ ಕನ್ನಡ ಬಹಳ ಧೈರ್ಯದ ಭಾಷೆ. ‘ನೀರಿಲ್ಲದೆ ಬೆಳೆ ಒಣಗಿತು’, ‘ಔಷಧ ಸಿಗದೆ ಸತ್ತ’, ‘ಕೇಳುವವರಿಲ್ಲದೆ ಕೆಟ್ಟ’ — ಇಲ್ಲದೆ, ಸಿಗದೆ, ಮಾಡದೆ ಎಂಬ ನಿಷೇಧ ರೂಪಗಳು ಇಲ್ಲದ್ದನ್ನು ಎಷ್ಟು ಸಲೀಸಾಗಿ ಕಾರಣದ ಪೀಠದಲ್ಲಿ ಕೂರಿಸುತ್ತವೆ ನೋಡಿ. ಮೇಲೆ ಹೇಳಿದ ‘ಬಂದು, ಕುಸಿದು’ಗಳ ಪಕ್ಷಪಾತಕ್ಕೆ ಮದ್ದು ಅದೇ ವ್ಯಾಕರಣದೊಳಗೇ ಇದೆ. ‘ಮಳೆ ಬಂದು ಗುಡ್ಡ ಕುಸಿಯಿತು’ ಎಂಬುದರ ಪಕ್ಕ ‘ಆನಿಕೆ ಇಲ್ಲದೆ ಗುಡ್ಡ ಕುಸಿಯಿತು’ ಎಂದು ಬರೆದರೆ ಸಾಕು; ಆನಿಕೆ ಯಾಕಿಲ್ಲ ಎಂಬ ಪ್ರಶ್ನೆ ತಾನಾಗಿ ಬಂದು ನಿಲ್ಲುತ್ತದೆ.

ಆದರೂ ಒಂದು ಪದ ನಮಗೆ ಸಿಗುವುದಿಲ್ಲ. 1970ರಲ್ಲಿ ಜೆರಿ ಫೋಡರ್ ಎಂಬ ತತ್ತ್ವಜ್ಞಾನಿ ‘ಕೊಲ್ಲು’ ಎಂಬುದು ‘ಸಾಯುವಂತೆ ಮಾಡು’ ಎಂಬುದಕ್ಕೆ ಸಮವಲ್ಲ ಎಂದು ವಾದಿಸಿದ. ಅವನ ಒಂದು ಕಾರಣ ಕಾಲಕ್ಕೆ ಸಂಬಂಧಿಸಿದ್ದು. ಶನಿವಾರ ಮಾಡಿದ ಕೆಲಸದಿಂದ ಭಾನುವಾರ ಒಬ್ಬ ಸತ್ತರೆ, ‘ಶನಿವಾರ ಹಾಗೆ ಮಾಡಿ ಭಾನುವಾರ ಸಾಯುವಂತೆ ಮಾಡಿದ’ ಎನ್ನಬಹುದು. ‘ಶನಿವಾರ ಹಾಗೆ ಮಾಡಿ ಭಾನುವಾರ ಕೊಂದ’ ಎನ್ನಲಾಗದು. ಕನ್ನಡದ ಕೊಲ್ಲು ಕೂಡ ಹೀಗೇ ಕಾರಣ ಮತ್ತು ಪರಿಣಾಮ ಅಂಟಿಕೊಂಡಿರಬೇಕೆಂದು ಬಯಸುತ್ತದೆ. ಒಂದು ಬೇಸಿಗೆಯಲ್ಲಿ ಗುಡ್ಡ ಕಡಿದು, ಐದಾರು ಮಳೆಗಾಲ ಕಳೆದ ಮೇಲೆ ಯಾರೋ ಸತ್ತರೆ ಅದಕ್ಕೆ ಒಂದೇ ಪದದ ಕ್ರಿಯಾಪದವಿಲ್ಲ. ನಿಧಾನವಾಗಿ ಮಾಡಿದ ಹಾನಿ ಯಾವಾಗಲೂ ಸುತ್ತಿ ಬಳಸಿದ ವಾಕ್ಯದಲ್ಲೇ ಬರಬೇಕು. ಕಾನೂನು ಆ ಸುತ್ತು ವಾಕ್ಯವನ್ನು ಒಪ್ಪಿಕೊಂಡಿದೆ: ‘ನಿರ್ಲಕ್ಷ್ಯದಿಂದ ಸಾವನ್ನುಂಟುಮಾಡುವುದು’ ಹಳೆಯ ದಂಡ ಸಂಹಿತೆಯ 304ಎ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 106ನೇ ಕಲಮು. ನಮ್ಮ ದಿನನಿತ್ಯದ ಸಿಟ್ಟಿಗೆ ಮಾತ್ರ ಚಿಕ್ಕ ವಾಕ್ಯಗಳೇ ಬೇಕು. ಉದ್ದ ವಾಕ್ಯದ ಅನ್ಯಾಯಕ್ಕೆ ಸಿಟ್ಟು ಬರುವುದು ಕಡಿಮೆ.

ಸಾವಿನ ಮನೆಯ ಭಾಷೆ ಇವೆಲ್ಲಕ್ಕಿಂತ ಬೇರೆ. ಅಲ್ಲಿ ಯಾರಾದರೂ ಹಿರಿಯರು ‘ಆಯಸ್ಸು ಅಷ್ಟೇ ಇತ್ತು, ಸಾವಿಗೊಂದು ನೆಪ’ ಎನ್ನುತ್ತಾರೆ. ನೆಪ ಎಂಬುದು ಕನ್ನಡದ ವಿಚಿತ್ರ ಪದ: ಕಾರಣದಂತೆ ಕಾಣುವ, ಕಾರಣವಲ್ಲದ ಕಾರಣ. ಓದಿದವರು ಇದನ್ನು ಮೂಢನಂಬಿಕೆ ಎಂದು ತಳ್ಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿ ‘ಆ ದಿನ ಅವನನ್ನು ಅಂಗಡಿಗೆ ಕಳಿಸದಿದ್ದರೆ’ ಎಂದು ತನ್ನನ್ನೇ ಸರಪಳಿಯ ಕೊಂಡಿ ಮಾಡಿಕೊಂಡು ಸುಟ್ಟುಕೊಳ್ಳುವಾಗ ‘ನೆಪ’ ಎಂಬ ಮಾತು ಅವಳನ್ನು ಕೊಂಡಿಯಿಂದ ಬಿಡಿಸುತ್ತದೆ. ಅದು ಕರುಣೆಯ ಮಾತು. ತೊಂದರೆ ಶುರುವಾಗುವುದು ಸಾವಿನ ಮನೆಯ ಭಾಷೆ ಕಚೇರಿಗೆ ಹೋದಾಗ. ನೊಂದವರು ನೊಂದವರಿಗೆ ‘ವಿಧಿ’ ಎಂದರೆ ಸಾಂತ್ವನ; ಹೊಣೆಗಾರರು ನೊಂದವರಿಗೆ ಅದೇ ಮಾತು ಹೇಳಿದರೆ ಅದು ಪಲಾಯನ. ವಾಕ್ಯ ಒಂದೇ, ಹೇಳಿದ ಬಾಯಿ ಬೇರೆ.

‘ಪ್ರಕೃತಿ ವಿಕೋಪ’ ಎಂಬ ಕಡತದ ಮಾತಿನಲ್ಲಿ ಈ ಇಕ್ಕಟ್ಟು ಪೂರ್ತಿ ಗೋಚರಿಸುತ್ತದೆ. ಭೂಕುಸಿತ ಪ್ರಕೃತಿ ವಿಕೋಪಗಳ ಪಟ್ಟಿಯಲ್ಲಿದೆ; ಹಾಗೆಂದು ದಾಖಲಾದರೆ ವಿಪತ್ತು ನಿಧಿಯ ನಿಯಮದಂತೆ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಿಗುತ್ತದೆ. ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ, ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಿಲ್ಲ. ಇದು ಒಳ್ಳೆಯ ನಿಯಮ. ಆದರೆ ಅದೇ ಪದ ‘ಯಾಕೆ’ ಎಂಬ ಪ್ರಶ್ನೆಯ ಬಾಗಿಲನ್ನೂ ಹಾಕಿಬಿಡುತ್ತದೆ. ಕುಟುಂಬಕ್ಕೆ ಅನ್ನ ಕೊಡುವ ವಾಕ್ಯವೇ ಕುಟುಂಬದ ನ್ಯಾಯವನ್ನು ಮುಚ್ಚುವ ವಾಕ್ಯವಾದರೆ ಆ ಮನೆಯವರು ಯಾವುದನ್ನು ಆರಿಸಬೇಕು? ಅವರಿಗೆ ಈ ಆಯ್ಕೆ ಒಡ್ಡುವುದೇ ಅನ್ಯಾಯ. ಕನ್ನಡದಲ್ಲಿ ‘ಪರಿಹಾರ’ ಎಂದರೆ ಹಣವೂ ಹೌದು, ಸಮಸ್ಯೆಯ ಬಗೆಹರಿಕೆಯೂ ಹೌದು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನೂ ಕೊಟ್ಟಂತೆ ತೋರಿಸುವುದಕ್ಕೆ ಈ ಶ್ಲೇಷೆ ಬಹಳ ಅನುಕೂಲ. ಹಣ ಪರಿಣಾಮಕ್ಕೆ ಸಲ್ಲುತ್ತದೆ. ಕಾರಣ ಮುಂದಿನ ಜುಲೈವರೆಗೆ ಗುಡ್ಡದಲ್ಲೇ ಕೂತಿರುತ್ತದೆ.

ಹಾಗಾದರೆ ಹತ್ತು ಕಾರಣಗಳಲ್ಲಿ ಯಾವುದನ್ನು ಹೇಳಬೇಕು? ಆರ್.ಜಿ. ಕಾಲಿಂಗ್‌ವುಡ್ 1940ರಲ್ಲಿ ಕೊಟ್ಟ ಒಂದು ಉದಾಹರಣೆ ನಮ್ಮ ಹೆದ್ದಾರಿಗೆಂದೇ ಬರೆದಂತಿದೆ. ತಿರುವಿನಲ್ಲಿ ಕಾರೊಂದು ಜಾರಿ ಉರುಳುತ್ತದೆ. ಚಾಲಕನ ದೃಷ್ಟಿಯಲ್ಲಿ ಕಾರಣ ಅತಿವೇಗ. ರಸ್ತೆ ಎಂಜಿನಿಯರನ ದೃಷ್ಟಿಯಲ್ಲಿ ರಸ್ತೆಯ ಓಟದ ದೋಷ. ತಯಾರಕನ ದೃಷ್ಟಿಯಲ್ಲಿ ಕಾರಿನ ವಿನ್ಯಾಸ. ಮೂವರೂ ಸರಿ. ಏಕೆಂದರೆ ಪ್ರತಿಯೊಬ್ಬನಿಗೂ ‘ಕಾರಣ’ ಎಂದರೆ ತನ್ನ ಕೈಯಲ್ಲಿದ್ದ, ತಾನು ಬದಲಿಸಬಹುದಾಗಿದ್ದ ಸಂಗತಿ. ಚಾಲಕ ರಸ್ತೆಯನ್ನೂ, ಎಂಜಿನಿಯರ್ ಚಾಲಕನನ್ನೂ ಕಾರಣ ಎಂದರೆ ಆ ಜ್ಞಾನದಿಂದ ಇಬ್ಬರಿಗೂ ಉಪಯೋಗವಿಲ್ಲ, ಮುಂದಿನ ಅಪಘಾತ ತಪ್ಪುವುದಿಲ್ಲ.

ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಪ್ರತಿಯೊಬ್ಬರೂ ಇನ್ನೊಬ್ಬರ ಕೈಯಲ್ಲಿದ್ದ ಕಾರಣವನ್ನೇ ಹೇಳುತ್ತಾರೆ. ಗುತ್ತಿಗೆ ಪಡೆದವರಿಗೆ ನಕ್ಷೆ ಕಾರಣ, ನಕ್ಷೆ ಬರೆದವರಿಗೆ ಗುತ್ತಿಗೆ ಪಡೆದವರು ಕಾರಣ, ಇಬ್ಬರಿಗೂ ಗುಡ್ಡದ ಬುಡದಲ್ಲಿ ಮನೆ ಕಟ್ಟಿದವರು ಕಾರಣ. ಬುಡದಲ್ಲಿ ಮನೆ ಕಟ್ಟಿದವನಿಗೆ ಬೇರೆ ಜಾಗ ಇತ್ತೇ ಎಂದು ಯಾರೂ ಕೇಳುವುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವಿನ ಪಟ್ಟಿಯಲ್ಲೇ ಹೆದ್ದಾರಿ, ರೈಲು, ಗದ್ದೆ, ಊರು ಎಲ್ಲ ಇರಬೇಕಾದ ನಾಡಿನಲ್ಲಿ ‘ಬೇರೆಡೆ ಕಟ್ಟಬಹುದಿತ್ತು’ ಎನ್ನುವುದು ಸುಲಭದ ಮಾತು. ಕೊನೆಗೆ ಎಲ್ಲರಿಗೂ ಒಮ್ಮತ ಮೂಡುವುದು ಮಳೆಯ ಮೇಲೆ. ಮಳೆಗೆ ಕಚೇರಿ ಇಲ್ಲ, ಅದು ನೋಟಿಸಿಗೆ ಉತ್ತರ ಕೊಡುವುದಿಲ್ಲ.

ಆದ್ದರಿಂದ ನಾನು ಒಂದು ಸಣ್ಣ ನಿಯಮಕ್ಕೆ ಬಂದು ನಿಂತಿದ್ದೇನೆ. ಅನಾಹುತದ ಬಗ್ಗೆ ಮಾತಾಡುವಾಗ ಪ್ರತಿಯೊಬ್ಬರೂ ಮೊದಲು ತಮ್ಮ ಕೈಯಲ್ಲಿದ್ದ ಕಾರಣವನ್ನು ಹೇಳಬೇಕು, ಆಮೇಲೆ ಇತರರದ್ದನ್ನು, ಕೊನೆಗೆ ಮಳೆಯನ್ನು. ಎಂಜಿನಿಯರ್ ಇಳಿಜಾರಿನಿಂದ ಶುರುಮಾಡಲಿ, ಅಧಿಕಾರಿ ತಪಾಸಣೆಯಿಂದ, ಪತ್ರಕರ್ತ ತಲೆಬರಹದಿಂದ. ಭಾಷೆ ಓದುವ ನಮ್ಮಂಥವರ ಕೈಯಲ್ಲಿರುವುದು ಒಂದು ವಾಕ್ಯ ಮಾತ್ರ. ‘ಕುಸಿಯಿತು’ ಎಂದು ಓದಿದಾಗ ‘ಇಸು’ ಹಚ್ಚಿ ನೋಡುವುದು, ‘ಬಂದು’ ಇದ್ದಲ್ಲಿ ‘ಇಲ್ಲದೆ’ ಇಟ್ಟು ನೋಡುವುದು, ‘ಇಂದ’ ಯಾರ ಹೆಸರಿಗೆ ಅಂಟಬೇಕಿತ್ತೆಂದು ಕೇಳುವುದು. ಇದರಿಂದ ಗುಡ್ಡ ನಿಲ್ಲುವುದಿಲ್ಲ ಎಂಬುದು ಗೊತ್ತು. ಆದರೆ ಆನಿಕೆ ಕಟ್ಟಬೇಕಾದವರು ಯಾರು ಎಂದು ಹೇಳಲಾಗದ ಭಾಷೆಯಲ್ಲಿ ಆನಿಕೆಯನ್ನು ಕೇಳುವುದಾದರೂ ಹೇಗೆ?